ಮಾಡರ್ನಿಸ್ಟ್ ಕಾದಂಬರಿಗಳಲ್ಲಿ ವಸ್ತು ಮತ್ತು ನಿರೂಪಣೆ: ಎರಡನ್ನೂ ಬೇರೆ ಬೇರೆ ಮಾಡಿ ಬರೆಯಬಹುದಾ?

ಶಾಯಿ:
ನಮಸ್ಕಾರ ಎಲ್ಲರಿಗೂ. ಮಾಡರ್ನಿಸ್ಟ್ ಕಾದಂಬರಿಗಳ ಮೇಲೆ, ಅಂದರೆ ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಕಥೆ ಹೇಳುವ ಹಳೆಯ ರೀತಿ ಮುರಿದು ಬರೆದವುಗಳ ಮೇಲೆ, ಒಂದು ಪ್ರಬಂಧ ಬರೆಯುತ್ತಿದ್ದೇನೆ. ಮೊದಲ ಅಧ್ಯಾಯ ‘ವಸ್ತು’, ಎರಡನೆಯದು ‘ನಿರೂಪಣಾ ತಂತ್ರ’ ಅಂತ ಯೋಜನೆ. ಬರೆಯಲು ಕೂತರೆ ಮೊದಲ ಅಧ್ಯಾಯ ಮುಂದಕ್ಕೇ ಹೋಗುತ್ತಿಲ್ಲ. ವರ್ಜೀನಿಯಾ ವುಲ್ಫ್ ಅವರ ‘ಮಿಸೆಸ್ ಡಾಲೊವೆ’ಯ ವಸ್ತು ಏನು? ಕಾಲ, ಒಂಟಿತನ, ಯುದ್ಧ ಬಿಟ್ಟುಹೋದ ಗಾಯ. ಇಷ್ಟು ಹೇಳಿದರೆ ಅರ್ಧ ಪುಟಕ್ಕೆ ಮುಗಿಯಿತು. ಇವೇ ಮೂರು ವಸ್ತು ಬೇರೆ ಎಷ್ಟೋ ಕಾದಂಬರಿಗಳಲ್ಲೂ ಇವೆ. ಹಾಗಾದರೆ ಈ ಪುಸ್ತಕದ್ದೇ ಅನ್ನಿಸುವಂಥದ್ದು ಯಾವುದು? ಅದನ್ನು ಹಿಡಿಯಲು ಹೋದಾಗಲೆಲ್ಲ ನಾನು ಎರಡನೇ ಅಧ್ಯಾಯದೊಳಗೆ ನುಗ್ಗಿಬಿಡುತ್ತೇನೆ. ಇದನ್ನು ಓದಿರುವವರು ದಾರಿ ತೋರಿಸಿ.

ನಿಧಾನ ಓದುಗ:
ಶಾಯಿ ಅವರೇ, ಒಂದು ಪ್ರಯೋಗ ಮಾಡಿ ನೋಡಿ. ಇಡೀ ಕಾದಂಬರಿಯನ್ನು ಕ್ಲಾರಿಸಾ (ಅವಳೇ ಮಿಸೆಸ್ ಡಾಲೊವೆ) ತಾನೇ ‘ನಾನು’ ಅಂತ ಹೇಳುವ ಕಥೆಯಾಗಿ ಊಹಿಸಿಕೊಳ್ಳಿ. ಏನು ಉಳಿಯುತ್ತದೆ? ಮೊದಲು ಸೆಪ್ಟಿಮಸ್ ಹೋಗುತ್ತಾನೆ. ಯುದ್ಧ ಮುಗಿಸಿ ಬಂದವನು ಅವನು. ಸತ್ತ ಗೆಳೆಯ ಇವಾನ್ಸ್ ಅವನ ಕಣ್ಣಿಗೆ ಕಾಣುತ್ತಾನೆ. ಅವನು ಕ್ಲಾರಿಸಾಳನ್ನು ಒಮ್ಮೆಯೂ ಭೇಟಿಯಾಗುವುದಿಲ್ಲ. ಅವನ ಸಾವಿನ ಸುದ್ದಿ ಅವಳ ಪಾರ್ಟಿಗೆ ಬಂದ ಡಾಕ್ಟರ್ ದಂಪತಿಯ ಬಾಯಲ್ಲಿ ಬರುತ್ತದೆ, ಅಷ್ಟೇ. ಅವಳೇ ಹೇಳುವ ಕಥೆಯಾಗಿದ್ದರೆ ಅವನು ಒಂದು ಸಾಲಿನಲ್ಲಿ ಮುಗಿದುಹೋಗುತ್ತಿದ್ದ.

ಈಗ ಇನ್ನೊಂದು ಬಗೆ. ಹಳೆಯ ಕಾದಂಬರಿಗಳ ಎಲ್ಲ ಬಲ್ಲ ನಿರೂಪಕನ ಕೈಗೆ ಕಥೆ ಕೊಡಿ. ಅವನು ಇಬ್ಬರನ್ನೂ ಅಕ್ಕಪಕ್ಕ ನಿಲ್ಲಿಸಿ, ಇವರ ಮನಸ್ಸು ಎಷ್ಟು ಹತ್ತಿರ ನೋಡಿ ಅಂತ ನಮಗೆ ವಿವರಿಸುತ್ತಾನೆ. ಆಗ ಅದು ಒಂದು ಅಭಿಪ್ರಾಯ ಆಗುತ್ತದೆ. ಒಪ್ಪಬಹುದು, ಬಿಡಬಹುದು.

ವುಲ್ಫ್ ಎರಡನ್ನೂ ಮಾಡುವುದಿಲ್ಲ. 1923ರ ಜೂನ್ ತಿಂಗಳ ಒಂದೇ ದಿನ. ಅಧ್ಯಾಯಗಳ ಗೋಡೆ ಇಲ್ಲ. ರಸ್ತೆಯಲ್ಲಿ ಕಾರಿನಿಂದ ಢಮ್ ಅಂತ ಸದ್ದು ಬರುತ್ತದೆ, ಹೂವಿನ ಅಂಗಡಿಯಲ್ಲಿದ್ದ ಕ್ಲಾರಿಸಾ ಬೆಚ್ಚುತ್ತಾಳೆ. ಅದೇ ಸದ್ದಿನ ಮೂಲಕ ನಾವು ಹೊರಗೆ ನಿಂತಿರುವ ಸೆಪ್ಟಿಮಸ್‌ನ ತಲೆಯೊಳಗೆ ಹೋಗಿರುತ್ತೇವೆ. ಆಮೇಲೆ ವಿಮಾನವೊಂದು ಆಕಾಶದಲ್ಲಿ ಹೊಗೆಯಿಂದ ಅಕ್ಷರ ಬರೆಯುತ್ತದೆ. ಗುರುತೇ ಇಲ್ಲದ ಹತ್ತಾರು ಜನ ತಲೆ ಎತ್ತುತ್ತಾರೆ. ಪ್ರತಿಯೊಬ್ಬರೂ ತಾವು ಒಂಟಿ ಅಂದುಕೊಂಡಿದ್ದಾರೆ. ಆದರೆ ನಿರೂಪಣೆ ಒಬ್ಬರಿಂದ ಇನ್ನೊಬ್ಬರಿಗೆ ಸಲೀಸಾಗಿ ದಾಟುತ್ತಿದೆ. ಪಾತ್ರಗಳಿಗೆ ಗೊತ್ತಿಲ್ಲದ ನಂಟು ವಾಕ್ಯಕ್ಕೆ ಗೊತ್ತಿದೆ. ಹಾಗಾಗಿ ‘ಒಂಟಿತನ’ ಅಂತ ಮಾತ್ರ ಬರೆದರೆ ಕಾದಂಬರಿ ಹೇಳುವುದರಲ್ಲಿ ಅರ್ಧ ಬಿಟ್ಟಂತೆ. ಉಳಿದರ್ಧ ದಾಟುವ ರೀತಿಯಲ್ಲೇ ಇದೆ.

ಕಾಲದ ವಿಷಯವೂ ಹೀಗೇ. ಬರೆಯುವಾಗ ಈ ಪುಸ್ತಕಕ್ಕೆ ವುಲ್ಫ್ ಇಟ್ಟುಕೊಂಡಿದ್ದ ಹೆಸರು ‘ದ ಅವರ್ಸ್’. ಲಂಡನ್ನಿನ ಬಿಗ್ ಬೆನ್ ಗಡಿಯಾರ ಎಲ್ಲರಿಗೂ ಒಂದೇ ಗಂಟೆ ಹೊಡೆಯುತ್ತದೆ. ಒಳಗೆ ಮಾತ್ರ ಒಬ್ಬಳು ಮೂವತ್ತು ವರ್ಷ ಹಿಂದಿನ ಬೇಸಿಗೆಯಲ್ಲಿದ್ದಾಳೆ, ಇನ್ನೊಬ್ಬ ಯುದ್ಧಭೂಮಿಯಲ್ಲಿದ್ದಾನೆ.

ಹಗಲುಗನಸು:
ನಿಧಾನ ಓದುಗ ಅವರು ಬರೆದದ್ದು ಚೆನ್ನಾಗಿದೆ. ಆದರೂ ನನ್ನದೊಂದು ತಕರಾರು ಇದೆ. ಇಂಥ ಚರ್ಚೆಗಳಲ್ಲಿ ತಂತ್ರಕ್ಕೆ ಜಾಸ್ತಿ ತೂಕ ಬೀಳುತ್ತದೆ. ಜನ ಕಾದಂಬರಿ ಓದುವುದು ಬದುಕಿನ ಬಗ್ಗೆ ಏನೋ ತಿಳಿಯಲು, ಅಲ್ವಾ? ಯುದ್ಧ ಮನುಷ್ಯನನ್ನು ಏನು ಮಾಡುತ್ತದೆ, ಕುಟುಂಬ ಹೇಗೆ ಒಡೆಯುತ್ತದೆ, ಇವು ಮುಖ್ಯ. ಅದನ್ನು ನೇರವಾಗಿ ಹೇಳಿದರೆ ಹೆಚ್ಚು ಜನರಿಗೆ ತಲುಪುತ್ತದೆ. ಸುಮ್ನೆ ಗಂಟು ಹಾಕಿ ಬರೆದರೆ ಆಳ ಬರುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಫಾಕ್ನರ್ ಅವರ ‘ದ ಸೌಂಡ್ ಅಂಡ್ ದ ಫ್ಯೂರಿ’ಯ ಮೊದಲ ಭಾಗ ಓದಿದ್ದೇನೆ. ಯಾರು ಯಾರು, ಯಾವಾಗ ಏನಾಯಿತು ಒಂದೂ ಹಿಡಿತಕ್ಕೆ ಸಿಗಲಿಲ್ಲ. ಅದೇ ಕಥೆಯನ್ನು ಕ್ರಮವಾಗಿ ಹೇಳಿದ್ದರೆ ಏನು ನಷ್ಟ ಆಗುತ್ತಿತ್ತು?

ಕಪ್ಪುಬಿಳುಪು:
ಹಗಲುಗನಸು ಅವರ ಪ್ರಶ್ನೆ ನ್ಯಾಯವಾದದ್ದು. ಈ ಕಾದಂಬರಿಯನ್ನು ಮುಂದಿಟ್ಟುಕೊಂಡೇ ಉತ್ತರ ಹುಡುಕೋಣ. ಸ್ವಲ್ಪ ಉದ್ದ ಆಗುತ್ತದೆ.

1929ರಲ್ಲಿ ಬಂದ ಕಾದಂಬರಿ. ನಾಲ್ಕು ಭಾಗ. ಕಾಂಪ್ಸನ್ ಮನೆತನದ ಮೂವರು ಅಣ್ಣತಮ್ಮಂದಿರು ಒಬ್ಬೊಬ್ಬರು ಒಂದೊಂದು ಭಾಗ ಹೇಳುತ್ತಾರೆ. ನಾಲ್ಕನೆಯದು ಹೊರಗಿನ ನಿರೂಪಕನದು. ಮೂವರ ಮನಸ್ಸೂ ಸುತ್ತುವುದು ಒಬ್ಬಳ ಸುತ್ತ, ಅವರ ಸೋದರಿ ಕ್ಯಾಡಿ.

ಮೊದಲನೆಯವನು ಬೆಂಜಿ. ಮೂವತ್ತಮೂರು ವರ್ಷ ವಯಸ್ಸು, ಮಾತು ಬರುವುದಿಲ್ಲ, ಬುದ್ಧಿ ಮಗುವಿನದು. ಅವನಿಗೆ ‘ಹಿಂದೆ’ ಅನ್ನುವುದೇ ಇಲ್ಲ. ಬೇಲಿಯ ಮೊಳೆಗೆ ಬಟ್ಟೆ ಸಿಕ್ಕಿಕೊಂಡರೆ, ಹಿಂದೊಮ್ಮೆ ಹೀಗೇ ಸಿಕ್ಕಿಕೊಂಡಾಗ ಬಿಡಿಸಿದ ಕ್ಯಾಡಿ ಆ ಕ್ಷಣವೇ ಅಲ್ಲಿರುತ್ತಾಳೆ. ಅವನ ಪಾಲಿಗೆ ಅದು ನೆನಪಲ್ಲ, ನಡೆಯುತ್ತಿರುವ ಸಂಗತಿ. ಗಾಲ್ಫ್ ಆಡುವವರು ತಮ್ಮ ಚೀಲ ಹೊರುವವನನ್ನು ‘ಕ್ಯಾಡಿ’ ಅಂತ ಕೂಗಿದರೆ ಅವನು ಅಳಲು ಶುರು ಮಾಡುತ್ತಾನೆ. ಯಾಕೆ ಅಳುತ್ತಿದ್ದಾನೆಂದು ಅವನೂ ಹೇಳಲಾರ, ನಿರೂಪಣೆಯೂ ಹೇಳುವುದಿಲ್ಲ. ನಾವೇ ಕಂಡುಕೊಳ್ಳಬೇಕು.

ಈಗ ಇದನ್ನು ಕ್ರಮವಾಗಿ ಹೇಳಿ. ‘ಅಕ್ಕ ಮನೆ ಬಿಟ್ಟು ಹೋದಳು, ತಮ್ಮನಿಗೆ ದುಃಖ ಆಯಿತು.’ ಹೀಗೆ ಹೇಳಿದ ಕೂಡಲೇ ದುಃಖಕ್ಕೆ ಒಂದು ತಾರೀಕು ಬಂತು. ತಾರೀಕು ಬಂದ ಮೇಲೆ ಅದು ಹಳೆಯದಾಗಬಲ್ಲದು. ಬೆಂಜಿಯ ದುಃಖ ಹಳೆಯದಾಗುವುದೇ ಇಲ್ಲ, ಅದೇ ಆ ಭಾಗದ ವಸ್ತು. ಕ್ರಮ ತಂದರೆ ವಸ್ತುವೇ ಬದಲಾಗುತ್ತದೆ. ನಿಮಗೆ ಆದ ಗೊಂದಲ ಓದಿನ ಸೋಲಲ್ಲ. ಅವನು ಬದುಕುತ್ತಿರುವ ಕಾಲದೊಳಗೆ ನೀವೂ ಸ್ವಲ್ಪ ಹೊತ್ತು ಇದ್ದಿರಿ.

ಎರಡನೆಯವನು ಕ್ವೆಂಟಿನ್, 1910ರ ಜೂನ್ 2. ಅಜ್ಜನ ಕಾಲದ ಕೈಗಡಿಯಾರದ ಗಾಜು ಒಡೆದು ಮುಳ್ಳು ಕಿತ್ತು ಹಾಕುತ್ತಾನೆ. ಆದರೂ ಅದು ಟಿಕ್ ಟಿಕ್ ಅನ್ನುತ್ತಲೇ ಇರುತ್ತದೆ. ಬೆಂಜಿಗೆ ಕಾಲವೇ ಇಲ್ಲ, ಇವನಿಗೆ ಕಾಲ ಬಿಟ್ಟು ಬೇರೇನೂ ಇಲ್ಲ. ಅವನ ಭಾಗ ಮುಂದೆ ಹೋದಂತೆ ವಾಕ್ಯಗಳ ವಿರಾಮ ಚಿಹ್ನೆಗಳು ಉದುರಿಹೋಗುತ್ತವೆ. ಆ ದಿನವೇ ಅವನು ಪ್ರಾಣ ಕಳೆದುಕೊಳ್ಳುತ್ತಾನೆ. ಆ ಘಟನೆಯನ್ನು ಕಾದಂಬರಿ ತೋರಿಸುವುದೇ ಇಲ್ಲ.

ನನಗೆ ಅತಿ ಮುಖ್ಯ ಅನ್ನಿಸುವುದು ಮೂರನೆಯವನು, ಜೇಸನ್. ಅವನ ಭಾಗ ನೀರು ಕುಡಿದಷ್ಟು ಸುಲಭ. ಇಸವಿ, ದುಡ್ಡು, ಲೆಕ್ಕ ಎಲ್ಲ ಸ್ಪಷ್ಟ. ಮೊದಲೆರಡು ಭಾಗ ದಾಟಿ ಬಂದ ಓದುಗರಿಗೆ ಉಸಿರು ಬಂದಂತಾಗುತ್ತದೆ. ಆದರೆ ಮೂವರಲ್ಲಿ ಕ್ರೂರಿ ಅವನೇ. ಕ್ಯಾಡಿ ತನ್ನ ಮಗಳಿಗೆಂದು ಕಳಿಸುವ ಹಣವನ್ನು ನುಂಗುತ್ತಿರುವವನು ಅವನೇ. ಮಾತು ಸ್ಪಷ್ಟವಾಗಿದ್ದರೆ ಮನುಷ್ಯ ಸತ್ಯವಂತ ಅಂತ ನಾವು ಎಷ್ಟು ಬೇಗ ನಂಬುತ್ತೇವೆ! ಬೆಂಜಿಯ ಭಾಗದಲ್ಲಿ ಒಂದು ವಾಕ್ಯವೂ ಅರ್ಥವಾಗದೆ ಹೋಗಬಹುದು, ಆದರೆ ಅಲ್ಲಿ ಒಂದೇ ಒಂದು ಸುಳ್ಳಿಲ್ಲ. ಜೇಸನ್‌ನ ಭಾಗದಲ್ಲಿ ಎಲ್ಲ ಅರ್ಥವಾಗುತ್ತದೆ, ಅಲ್ಲಿ ನಂಬುವಂಥದ್ದು ಕಡಿಮೆ. ಇದನ್ನು ಯಾವ ಪಾತ್ರವೂ ಬಾಯಿಬಿಟ್ಟು ಹೇಳುವುದಿಲ್ಲ. ಭಾಗಗಳನ್ನು ಇಟ್ಟ ಸಾಲೇ ಹೇಳುತ್ತದೆ. ಜೇಸನ್ ಮೊದಲು ಬಂದಿದ್ದರೆ ನಾವು ಅವನ ಜೊತೆಗೇ ಹೋಗಿಬಿಡುತ್ತಿದ್ದೆವು.

ಹಗಲುಗನಸು:
ಜೇಸನ್ ಬಗ್ಗೆ ನೀವು ಹೇಳಿದ್ದು ನನ್ನನ್ನು ಯೋಚನೆಗೆ ಹಚ್ಚಿದೆ. ಅಲ್ಲಿಗೆ ತಲುಪಲು ಪುಸ್ತಕ ಮತ್ತೆ ಕೈಗೆತ್ತಿಕೊಳ್ಳುತ್ತೇನೆ. ಆದರೆ ನನ್ನ ತಕರಾರಿನ ಒಂದು ಭಾಗ ಇನ್ನೂ ಹಾಗೇ ಉಳಿದಿದೆ. ನೀವೆಲ್ಲ ಕೊಡುತ್ತಿರುವ ಉದಾಹರಣೆಗಳು ಪ್ರಜ್ಞಾಪ್ರವಾಹದವು (ಮನಸ್ಸಿನಲ್ಲಿ ಹರಿಯುವ ಯೋಚನೆಗಳನ್ನು ಹಾಗೇ ಬರೆಯುವಂಥವು), ಕಾಲ ಒಡೆದು ಹೇಳಿದವು. ತಂತ್ರ ಅಂದರೆ ಇಷ್ಟೇನಾ? ಸಾದಾ ಗದ್ಯದಲ್ಲಿ ಬರೆದವರಿಗೆ ತಂತ್ರವೇ ಇಲ್ಲವಾ?

ಮೌನಿ:
ಇದೆ. ಕಾಫ್ಕಾ ಅವರ ‘ಮೆಟಮಾರ್ಫಸಿಸ್’ ನೋಡಿ. 1915ರದು. ಗ್ರೆಗರ್ ಸಾಮ್ಸಾ ಬೆಳಗ್ಗೆ ಏಳುವಷ್ಟರಲ್ಲಿ ಹುಳುವಾಗಿದ್ದಾನೆ. ಗದ್ಯ ಕಚೇರಿಯ ವರದಿಯಷ್ಟು ತಣ್ಣಗಿದೆ. ನಿರೂಪಕ ಆಶ್ಚರ್ಯ ಸೂಚಿಸುವ ಮಾತೇ ಆಡುವುದಿಲ್ಲ. ಹುಳುವಾದವನ ಮೊದಲ ಚಿಂತೆ ರೈಲು ತಪ್ಪಿತಲ್ಲ, ಮೇಲಧಿಕಾರಿ ಏನೆನ್ನುತ್ತಾರೋ ಅನ್ನುವುದು. ನಿರೂಪಣೆ ಗಾಬರಿಯಾಗಿದ್ದರೆ ಅದು ಭಯದ ಕಥೆ ಆಗುತ್ತಿತ್ತು. ಅದು ಗಾಬರಿಯಾಗದೇ ಇರುವುದರಿಂದಲೇ, ಈ ಮನುಷ್ಯ ಮೊದಲಿನಿಂದಲೂ ಹೀಗೇ ಬದುಕುತ್ತಿದ್ದನಲ್ಲವೇ ಅಂತ ನಮಗೆ ಅನ್ನಿಸುತ್ತದೆ.

ಇನ್ನೊಂದು ಸಣ್ಣ ಸಂಗತಿ, ನನಗೆ ತುಂಬಾ ಪ್ರಿಯವಾದದ್ದು. ಗ್ರೆಗರ್ ಬದುಕಿರುವಷ್ಟು ದಿನ ಕಥೆ ಅವನ ನೋಟಕ್ಕೆ ಅಂಟಿಕೊಂಡಿರುತ್ತದೆ. ಮನೆಯವರನ್ನು ‘ಅಪ್ಪ’, ‘ಅಮ್ಮ’ ಅಂತಲೇ ಕರೆಯುತ್ತದೆ. ಅವನು ಸತ್ತ ಮೇಲೂ ಕಥೆ ನಿಲ್ಲುವುದಿಲ್ಲ. ಆದರೆ ಅಲ್ಲಿಂದ ಅಪ್ಪ ಹೆಚ್ಚಾಗಿ ‘ಶ್ರೀ ಸಾಮ್ಸಾ’, ಅಮ್ಮ ‘ಶ್ರೀಮತಿ ಸಾಮ್ಸಾ’. ಯಾಕೆಂದರೆ ಅವರನ್ನು ಅಪ್ಪ ಅಮ್ಮ ಅಂತ ನೋಡುವ ಕಣ್ಣು ಈಗ ಇಲ್ಲ. ಮಗ ಇಲ್ಲದೆಯೂ ಮನೆ ಸರಾಗವಾಗಿ ನಡೆಯುತ್ತದೆ ಅನ್ನುವ ಮಾತನ್ನು ಒಂದು ಸಂಬೋಧನೆಯ ಬದಲಾವಣೆ ಹೇಳಿಬಿಡುತ್ತದೆ. ಸಾದಾ ಗದ್ಯ. ತಂತ್ರ ಎಷ್ಟು ಬಿಗಿಯಾಗಿದೆ ನೋಡಿ.

ಹೆಮಿಂಗ್ವೇ ಅವರ ‘ಹಿಲ್ಸ್ ಲೈಕ್ ವೈಟ್ ಎಲಿಫೆಂಟ್ಸ್’ ಕೂಡ ಹೀಗೇ. 1927ರ ಸಣ್ಣಕಥೆ. ಗಂಡು ಹೆಣ್ಣು ರೈಲಿಗೆ ಕಾಯುತ್ತಾ ಮಾತಾಡುತ್ತಾರೆ, ಬಹುಪಾಲು ಅಷ್ಟೇ. ಗರ್ಭಪಾತ ಅನ್ನುವ ಪದ ಒಮ್ಮೆಯೂ ಬರುವುದಿಲ್ಲ. ಅವರಿಬ್ಬರೂ ಆ ಮಾತನ್ನು ಎದುರಿಸಲಾರರು, ಕಥೆಯೂ ಅದನ್ನು ಎತ್ತುವುದಿಲ್ಲ.

ನಿಧಾನ ಓದುಗ:
ಮೌನಿ ಅವರಿಗೆ ಧನ್ಯವಾದ. ಆ ‘ಶ್ರೀ ಸಾಮ್ಸಾ’ ವಿಷಯವನ್ನು ನಾನು ಗಮನಿಸಿರಲಿಲ್ಲ. ಶಾಯಿ ಅವರೇ, ನಿಮ್ಮ ಪ್ರಬಂಧಕ್ಕೆ ಅಮೆರಿಕದ ವಿಮರ್ಶಕ ಮಾರ್ಕ್ ಶೋರರ್ ಅವರ ‘ಟೆಕ್ನಿಕ್ ಆಸ್ ಡಿಸ್ಕವರಿ’ ಲೇಖನ ಓದಲೇಬೇಕು. 1948ರದು. ಬರಹಗಾರ ತನ್ನ ವಸ್ತುವನ್ನು ಕಂಡುಕೊಳ್ಳುವುದೇ ತಂತ್ರದ ಮೂಲಕ ಅನ್ನುವುದು ಅದರ ವಾದ. ವಸ್ತು ಮೊದಲೇ ಸಿದ್ಧವಾಗಿದ್ದು, ಆಮೇಲೆ ಅದಕ್ಕೊಂದು ಅಂಗಿ ತೊಡಿಸುವುದಲ್ಲ. ಕೆಲವು ಕಡೆ ಅತಿಯಾಗಿ ಎಳೆದಿದ್ದಾರೆ ಅನ್ನಿಸುತ್ತದೆ, ಆದರೂ ನಿಮ್ಮ ತೊಡಕು ಬಿಡಿಸಲು ಬಹಳ ನೆರವಾಗುತ್ತದೆ.

ಹಳೇ ಓದು:
ಇಷ್ಟು ಹೊತ್ತು ಹೊರಗಿನ ಕಾದಂಬರಿಗಳೇ ಬಂದವು. ನಮ್ಮ ನವ್ಯ ಕಾದಂಬರಿಗಳನ್ನೂ ಇಲ್ಲಿ ತರಬೇಕು. ಕನ್ನಡ ವಿಮರ್ಶೆಯಲ್ಲಿ ಆಶಯ (ಏನು ಹೇಳುತ್ತದೆ), ಆಕೃತಿ (ಹೇಗೆ ಹೇಳುತ್ತದೆ) ಅಂತ ನಾವು ದಶಕಗಳಿಂದ ಇದನ್ನೇ ಮಾತಾಡುತ್ತಾ ಬಂದಿದ್ದೇವೆ.

ಅನಂತಮೂರ್ತಿ ಅವರ ‘ಸಂಸ್ಕಾರ’ ತಗೊಳ್ಳಿ. 1965. ಬ್ರಾಹ್ಮಣ್ಯದ ಕಟ್ಟಳೆಗಳನ್ನು ಮುರಿದು ಬದುಕಿದ ನಾರಣಪ್ಪನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು ಅನ್ನುವುದು ಪ್ರಶ್ನೆ. ಮೊದಲ ಭಾಗದಲ್ಲಿ ನಿರೂಪಣೆ ಇಡೀ ಅಗ್ರಹಾರದಲ್ಲಿ ಓಡಾಡುತ್ತದೆ. ಗರುಡಾಚಾರ್ಯನ ಮನೆ, ಲಕ್ಷ್ಮಣಾಚಾರ್ಯನ ಮನೆ, ದುರ್ಗಾಭಟ್ಟನ ಒಳಮನಸ್ಸು, ಎಲ್ಲ ಕಡೆ ಹೊಕ್ಕು ಬರುತ್ತದೆ. ಅಗ್ರಹಾರಕ್ಕೆ ದಾರಿ ತೋರಬೇಕಾದ ಪಂಡಿತ ಪ್ರಾಣೇಶಾಚಾರ್ಯ ಆಗ ಆ ಸಮುದಾಯದ ನಡುವೆ ಇದ್ದಾರೆ. ನಾರಣಪ್ಪನ ಜೊತೆ ಬಾಳಿದ್ದ ಚಂದ್ರಿಯ ಸಂಗ ಆಗುತ್ತದೆ, ಹೆಂಡತಿ ಸಾಯುತ್ತಾಳೆ, ಅವರು ಅಗ್ರಹಾರ ಬಿಟ್ಟು ನಡೆಯುತ್ತಾರೆ. ಆಗ ನಿರೂಪಣೆಯೂ ಅಗ್ರಹಾರವನ್ನು ಬಿಡುತ್ತದೆ. ಕೊನೆಯ ಭಾಗದಲ್ಲಿ ನಾವು ಬಹುಮಟ್ಟಿಗೆ ಒಬ್ಬರ ತಲೆಯೊಳಗೇ ಇರುತ್ತೇವೆ. ಗುಂಪಿನಿಂದ ಬೇರೆಯಾದ ವ್ಯಕ್ತಿ ಹುಟ್ಟುವುದು ಅಲ್ಲಿನ ವಸ್ತು. ಆ ಹುಟ್ಟು ನಮಗೆ ಕಾಣುವುದು ನೋಟ ಕಿರಿದಾಗುತ್ತಾ ಹೋಗುವುದರಲ್ಲಿ.

ಇನ್ನೊಂದು ಮಾತು. ನಾರಣಪ್ಪನ ಹೆಣವನ್ನು ಚಂದ್ರಿ ಒಬ್ಬ ಮುಸ್ಲಿಮನ ನೆರವಿನಿಂದ ರಾತ್ರೋರಾತ್ರಿ ಸುಡಿಸುತ್ತಾಳೆ. ಇದು ಓದುಗರಿಗೆ ಗೊತ್ತು, ಆಚಾರ್ಯರಿಗೆ ಗೊತ್ತಿಲ್ಲ, ಬ್ರಾಹ್ಮಣರಿಗೂ ಗೊತ್ತಿಲ್ಲ. ಹೆಣವೇ ಇಲ್ಲದ ಮೇಲೂ ಹೆಣದ ಚಿಂತೆ ನಡೆಯುತ್ತಿರುತ್ತದೆ. ಧರ್ಮಶಾಸ್ತ್ರದ ಗ್ರಂಥಗಳಲ್ಲಿ ಸಿಗದ ಉತ್ತರ ಆಗಲೇ ಉರಿದು ಹೋಗಿದೆ. ಯಾರಿಗೆ ಏನು ಗೊತ್ತು ಅನ್ನುವ ಈ ಹಂಚಿಕೆಯಲ್ಲೇ ಕಾದಂಬರಿಯ ಟೀಕೆ ಅಡಗಿದೆ. ಲೇಖಕರು ಭಾಷಣ ಮಾಡಬೇಕಾಗಿ ಬರಲಿಲ್ಲ.

ಚಿತ್ತಾಲರ ‘ಶಿಕಾರಿ’ಯನ್ನೂ (1979) ಇದೇ ಕಣ್ಣಿನಿಂದ ಓದಿ. ನಿರೂಪಣೆ ಕಥಾನಾಯಕ ನಾಗಪ್ಪನಿಗೆ ಎಷ್ಟು ಹತ್ತಿರ ಅಂದರೆ, ಅವನ ವಿರುದ್ಧ ನಡೆಯುತ್ತಿರುವ ಹುನ್ನಾರ ಎಷ್ಟು ನಿಜ, ಭಯ ಎಷ್ಟು ಅಂತ ಅಳೆಯಲು ನಮಗೆ ಬೇರೆ ಅಳತೆಗೋಲೇ ಸಿಗುವುದಿಲ್ಲ.

ಗಾಳಿಮಾತು:
‘ಸಂಸ್ಕಾರ’ದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ನೋಟ ಕಿರಿದಾದಾಗ ಯಾರು ಹೊರಗೆ ಉಳಿದರು ಅಂತಲೂ ಕೇಳಬೇಕು. ಊರು ಬಿಟ್ಟು ಹೋದ ಮೇಲೆ ಚಂದ್ರಿ ಆಚಾರ್ಯರ ನೆನಪಿನಲ್ಲಿ ಮಾತ್ರ ಇರುತ್ತಾಳೆ. ಸಮಸ್ಯೆಯನ್ನು ನಿಜವಾಗಿ ಬಗೆಹರಿಸಿದವಳು ಅವಳು. ಆದರೆ ಕೊನೆಗೆ ಕಥೆ ನಡೆಯುವುದು ಆಚಾರ್ಯರ ಆತ್ಮಪರೀಕ್ಷೆಯಾಗಿ.

ಫಾಕ್ನರ್ ಕಾದಂಬರಿಯಲ್ಲೂ ಕ್ಯಾಡಿಗೆ ತನ್ನದೇ ಭಾಗ ಇಲ್ಲ. ಮೂವರು ಅಣ್ಣತಮ್ಮಂದಿರು ಅವಳ ಬಗ್ಗೆ ಮಾತಾಡುತ್ತಾರೆ, ಅವಳು ಮಾತಾಡುವುದಿಲ್ಲ. ಇದನ್ನು ತಂತ್ರದ ಗೆಲುವು ಅಂತ ಹೇಳುವವರಿದ್ದಾರೆ. ಅವಳ ಗೈರುಹಾಜರಿಯೇ ವಸ್ತು ಅಂತ. ಅರ್ಧ ಒಪ್ಪುತ್ತೇನೆ. ಆದರೆ ದನಿ ಕೊಡದೇ ಇರುವುದನ್ನೆಲ್ಲ ಕಲೆ ಅಂತ ಕರೆದುಬಿಟ್ಟರೆ ನಾವು ಕೇಳಬೇಕಾದ ಪ್ರಶ್ನೆ ಬಿದ್ದುಹೋಗುತ್ತದೆ.

ಕಾನ್ರಾಡ್ ಅವರ ‘ಹಾರ್ಟ್ ಆಫ್ ಡಾರ್ಕ್‌ನೆಸ್’ ಇದಕ್ಕೆ ಸರಿಯಾದ ಉದಾಹರಣೆ. ಥೇಮ್ಸ್ ನದಿಯಲ್ಲಿ ನಿಂತ ಒಂದು ದೋಣಿ. ಕತ್ತಲಾಗುತ್ತಿದೆ. ಮಾರ್ಲೋ ಎಂಬ ನಾವಿಕ ತಾನು ಕಾಂಗೋಗೆ ಹೋಗಿಬಂದ ಕಥೆ ಹೇಳುತ್ತಾನೆ, ಕೇಳಿಸಿಕೊಂಡ ಇನ್ನೊಬ್ಬ ನಮಗೆ ಹೇಳುತ್ತಾನೆ. ಕಥೆಯೊಳಗೆ ಕಥೆ. ಯಾವುದನ್ನೂ ಪೂರ್ತಿ ತಿಳಿಯಲಾಗದು ಅನ್ನುವ ಅನುಮಾನ ಇದರಿಂದ ಹುಟ್ಟುತ್ತದೆ. ಸರಿ. ಆದರೆ ಈ ಪದರಗಳೆಲ್ಲ ಯುರೋಪಿನವರ ದನಿಗಳು. ಕಾಂಗೋದ ಜನಕ್ಕೆ ಅಲ್ಲಿ ಮಾತು ಇಲ್ಲವೆನ್ನುವಷ್ಟು ಕಡಿಮೆ. ನೈಜೀರಿಯಾದ ಲೇಖಕ ಚಿನುವಾ ಅಚೆಬೆ 1975ರ ತಮ್ಮ ಉಪನ್ಯಾಸದಲ್ಲಿ ಇದನ್ನೇ ಎತ್ತಿ, ಆಫ್ರಿಕಾ ಒಬ್ಬ ಯುರೋಪಿಯನ್ನನ ಮನಸ್ಸಿನ ಕುಸಿತಕ್ಕೆ ಬರೀ ಹಿನ್ನೆಲೆಯಾಯಿತು ಅಂತ ಟೀಕಿಸಿದರು. ಇದೆಲ್ಲ ಮಾರ್ಲೋನ ದೃಷ್ಟಿ, ಲೇಖಕನದಲ್ಲ ಅನ್ನುವ ವಾದವನ್ನೂ ಅವರು ಒಪ್ಪಲಿಲ್ಲ. ನಿರೂಪಕನನ್ನು ಅನುಮಾನಿಸಲು ಕಾದಂಬರಿ ನಮಗೆ ಬೇರೊಂದು ನೆಲೆ ಕೊಡಬೇಕಿತ್ತು ಅನ್ನುವುದು ಅವರ ಮಾತು. ತಂತ್ರದ ಬಗ್ಗೆ ನಾನು ಓದಿದ ಅತಿ ಗಟ್ಟಿ ಟೀಕೆ ಇದು.

ಕಪ್ಪುಬಿಳುಪು:
ಗಾಳಿಮಾತು ಅವರ ಮಾತು ನನಗೆ ನಾಟಿತು. ಒಂದೇ ಒಂದು ವ್ಯತ್ಯಾಸ ಹೇಳಬೇಕು. ಕ್ಯಾಡಿಯ ವಿಷಯದಲ್ಲಿ ಆ ಮೂವರ ಮಾತೂ ಸಾಲದು ಅಂತ ಕಾದಂಬರಿ ತಾನೇ ತೋರಿಸುತ್ತದೆ. ಒಬ್ಬನ ಕ್ಯಾಡಿ ಇನ್ನೊಬ್ಬನ ಕ್ಯಾಡಿ ಅಲ್ಲ. ಹಾಗಾಗಿ ಓದುಗರಿಗೆ ನಾಲ್ಕನೆಯ ಕ್ಯಾಡಿಯನ್ನು ಹುಡುಕುವ ಆಸೆ ಹುಟ್ಟುತ್ತದೆ. ಕಾನ್ರಾಡ್ ಕೃತಿಯಲ್ಲಿ ಆ ಆಸೆ ಹುಟ್ಟಿಸುವ ಬಿರುಕು ಇಲ್ಲ. ಅಚೆಬೆ ಹೇಳಿದ್ದು ಸರಿ ಅಂತಲೇ ನನ್ನ ಅಭಿಪ್ರಾಯ.

ಶಾಯಿ:
ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ಸಿಗುತ್ತದೆಂದು ಅಂದುಕೊಂಡಿರಲಿಲ್ಲ. ಅಧ್ಯಾಯಗಳನ್ನು ಬೇರೆ ರೀತಿ ಕಟ್ಟಲು ಹೊರಟಿದ್ದೇನೆ. ಒಂದು, ಕಾಲವನ್ನು ಹೇಗೆ ಹಂಚಿದ್ದಾರೆ. ಎರಡು, ಯಾರಿಗೆ ಏನು ಗೊತ್ತು. ಮೂರು, ಯಾರ ದನಿ ಇಲ್ಲ. ಮೊದಲನೆಯದಕ್ಕೆ ವುಲ್ಫ್ ಅವರ ‘ಟು ದ ಲೈಟ್‌ಹೌಸ್’ ಸೇರಿಸಿಕೊಳ್ಳಲಾ? ಅದರ ನಡುವಿನ ಭಾಗದ ಬಗ್ಗೆ ಯಾರಾದರೂ ಬರೆಯಿರಿ.

ನಿಧಾನ ಓದುಗ:
ಖಂಡಿತ ಸೇರಿಸಿಕೊಳ್ಳಿ. 1927ರ ಆ ಕಾದಂಬರಿಯಲ್ಲಿ ಮೂರು ಭಾಗ. ಮೊದಲ ಭಾಗ ಒಂದು ಮಧ್ಯಾಹ್ನ ಮತ್ತು ಸಂಜೆ, ಅದಕ್ಕೆ ಅರ್ಧಕ್ಕಿಂತ ಜಾಸ್ತಿ ಪುಸ್ತಕ. ಎರಡನೆಯದು ಹತ್ತು ವರ್ಷ, ಅದಕ್ಕೆ ಕೆಲವೇ ಪುಟ. ಮೂರನೆಯದು ಮತ್ತೆ ಒಂದು ಬೆಳಗ್ಗೆ.

ಆ ಹತ್ತು ವರ್ಷಗಳಲ್ಲಿ ನಿರೂಪಣೆ ಖಾಲಿ ಮನೆಯೊಳಗೆ ಇರುತ್ತದೆ. ಗಾಳಿ, ಧೂಳು, ಕಿತ್ತುಬರುವ ಗೋಡೆಕಾಗದ. ಮೊದಲ ಭಾಗದ ಉಸಿರೇ ಆಗಿದ್ದ ಮಿಸೆಸ್ ರಾಮ್ಸೆ ಸಾಯುತ್ತಾರೆ. ಅದನ್ನು ಚೌಕ ಕಂಸದೊಳಗೆ, ಒಂದು ವಾಕ್ಯದ ನಡುವಿನ ತುಣುಕಾಗಿ ಹೇಳಿಬಿಡುತ್ತಾರೆ. ಗಂಡ ಕೈ ಚಾಚುತ್ತಾನೆ, ಹಿಂದಿನ ರಾತ್ರಿ ಹೆಂಡತಿ ತೀರಿಕೊಂಡಿದ್ದಾಳೆ, ಕೈ ಖಾಲಿ. ಮಗಳು ಪ್ರೂ ಹೆರಿಗೆಗೆ ಸಂಬಂಧಿಸಿದ ಕಾಯಿಲೆಯಿಂದ, ಮಗ ಆಂಡ್ರ್ಯೂ ಯುದ್ಧದಲ್ಲಿ, ಅವರ ಸಾವೂ ಕಂಸದೊಳಗೇ.

ಮೊದಲ ಸಲ ಓದುವವರಿಗೆ ಇದು ಅನ್ಯಾಯ ಅನ್ನಿಸುತ್ತದೆ. ಇಷ್ಟು ಪ್ರೀತಿಸಿದ ಪಾತ್ರಕ್ಕೆ ಒಂದು ಸಾವಿನ ದೃಶ್ಯವೂ ಇಲ್ಲವಾ? ಆ ಅನ್ಯಾಯ ಅನ್ನಿಸಬೇಕು. ಕಾಲಕ್ಕೆ ನಮ್ಮ ಸಾವು ಕಂಸದೊಳಗಿನ ವಿಷಯ, ಧೂಳು ಬೀಳುವುದೇ ಮುಖ್ಯ ಕಥೆ. ಇದನ್ನು ಒಂದು ಪಾತ್ರ ಹೇಳಿದ್ದರೆ ನಾವು ತಲೆಯಾಡಿಸಿ ಮುಂದೆ ಹೋಗುತ್ತಿದ್ದೆವು. ಇಲ್ಲಿ ನಮಗೇ ಪೆಟ್ಟು ಬೀಳುತ್ತದೆ. ಮೂರನೇ ಭಾಗದಲ್ಲಿ ಲಿಲಿ ಬ್ರಿಸ್ಕೋ ಚಿತ್ರ ಬರೆಯುತ್ತಾ ಮಿಸೆಸ್ ರಾಮ್ಸೆ ಹೆಸರನ್ನು ಕೂಗಿ ಅಳುವಾಗ ಓದುಗರೂ ಅವಳ ಜೊತೆ ಅಳುವುದು ಈ ಕಾರಣಕ್ಕೆ. ದುಃಖಿಸಲು ನಮಗೂ ಮೊದಲು ಸಮಯ ಸಿಕ್ಕಿರಲಿಲ್ಲ.

ಹಗಲುಗನಸು:
ಇದನ್ನು ಓದಿದ ಮೇಲೆ ಕೇಳುತ್ತಿದ್ದೇನೆ. ನನ್ನಂತೆ ನೇರ ಕಥೆಗೆ ಒಗ್ಗಿದವರು ಎಲ್ಲಿಂದ ಶುರು ಮಾಡಬೇಕು? ಫಾಕ್ನರ್‌ಗೆ ಮೊದಲು ಓದುವಂಥದ್ದು ಯಾವುದಾದರೂ ಇದೆಯಾ?

ಕಪ್ಪುಬಿಳುಪು:
ಫೋರ್ಡ್ ಮ್ಯಾಡಾಕ್ಸ್ ಫೋರ್ಡ್ ಅವರ ‘ದ ಗುಡ್ ಸೋಲ್ಜರ್’. 1915. ವಾಕ್ಯಗಳು ಸುಲಭ. ಡೋವೆಲ್ ಅನ್ನುವವನು ಬೆಂಕಿಯ ಪಕ್ಕ ಕೂತು ಆಪ್ತರಿಗೆ ಹೇಳುವಂತೆ ಕಥೆ ಹೇಳುತ್ತಾನೆ. ಎರಡು ದಂಪತಿಗಳ ಒಂಬತ್ತು ವರ್ಷದ ಸ್ನೇಹ. ತನ್ನ ಹೆಂಡತಿಗೂ ಗೆಳೆಯನಿಗೂ ಸಂಬಂಧ ಇತ್ತೆಂದು ಅವನಿಗೆ ಗೊತ್ತಾಗಿದ್ದು ಎಲ್ಲ ಮುಗಿದ ಮೇಲೆ. ಹಾಗಾಗಿ ಅವನು ಒಂದೇ ಸಂಜೆಯನ್ನು ಮತ್ತೆ ಮತ್ತೆ ಹೇಳಬೇಕಾಗುತ್ತದೆ, ಮೊದಲು ಆಗ ಕಂಡಂತೆ, ಆಮೇಲೆ ಈಗ ತಿಳಿದಂತೆ. ಮೋಸ ಹೋದವನಿಗೆ ಹಳೆಯ ದಿನಗಳು ಎರಡೆರಡು ಆಗುತ್ತವೆ. ಕಥೆ ಹಿಂದೆ ಮುಂದೆ ಓಡಾಡುವುದು ಅದಕ್ಕೇ.

ಓದುವಾಗ ಒಂದು ಕೆಲಸ ಮಾಡಿ. ಡೋವೆಲ್ ‘ನನಗೆ ಗೊತ್ತಿಲ್ಲ’ ಅನ್ನುವ ಕಡೆಯಲ್ಲೆಲ್ಲ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಪುಸ್ತಕ ಮುಗಿದ ಮೇಲೆ ಆ ಜಾಗಗಳನ್ನಷ್ಟೇ ಮತ್ತೆ ಓದಿ. ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲವಾ, ಅಥವಾ ಗೊತ್ತುಮಾಡಿಕೊಳ್ಳಲು ಮನಸ್ಸಿರಲಿಲ್ಲವಾ? ನಿಮಗೆ ಏನನ್ನಿಸಿತು ಅಂತ ಇಲ್ಲೇ ಬರೆಯಿರಿ. ನನ್ನ ಉತ್ತರ ಎರಡನೆಯದು, ಆದರೆ ನಿಧಾನ ಓದುಗ ಅವರು ಒಪ್ಪುತ್ತಾರೋ ಇಲ್ಲವೋ.

ನಿಧಾನ ಓದುಗ:
ಒಪ್ಪುವುದಿಲ್ಲ. ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ ಅಂತ ನನ್ನ ಓದು. ಹಗಲುಗನಸು ಅವರು ಮುಗಿಸಲಿ, ಆಮೇಲೆ ಒಂದೊಂದೇ ಪುಟ ತೆಗೆದು ಮಾತಾಡೋಣ.